ಹಿಮ್ಮಡಿ ನೋವಿದೆ, ಧರ್ಮಸ್ಥಳಕ್ಕೆ ನಡೆಯಬಹುದಾ?

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಬೆಂಗಳೂರಿನಲ್ಲಿ ಸೀರೆ ಅಂಗಡಿಯಲ್ಲಿ ಕೆಲಸ. ಈ ಶಿವರಾತ್ರಿಗೆ ನಮ್ಮ ಬೀದಿಯ ತಂಡದ ಜೊತೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗಬೇಕು ಅಂತಿದೆ. ಅಭ್ಯಾಸಕ್ಕೆಂದು ದಿನಾ ಸ್ವಲ್ಪ ನಡೆಯುತ್ತಿದ್ದೆ. ಒಂದು ಭಾನುವಾರ ಎಲ್ಲರೂ ಸೇರಿ ಒಂದೇ ಸಲ 20 ಕಿ.ಮೀ. ಹೋದೆವು. ಆವತ್ತಿನಿಂದ ಬಲಗಾಲಿನ ಹಿಮ್ಮಡಿ ನೋವು. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊಳೆ ಚುಚ್ಚಿದ ಹಾಗೆ ಆಗುತ್ತದೆ. ನಾಲ್ಕು ಹೆಜ್ಜೆ ಹಾಕಿದ ಮೇಲೆ ಕಮ್ಮಿ. ಎಕ್ಸ್‌ರೇ ತೆಗೆಸಿದರೆ ಮೂಳೆ ಬೆಳೆದಿದೆ ಅಂದರು. ಹೊರಡುವ ಮುಂಚೆ ಒಂದು ಇಂಜೆಕ್ಷನ್ ಹಾಕಿಸಿಕೋ, ಆಮೇಲೆ ನೋಡೋಣ ಅಂತ ಗೆಳೆಯರು. ಯಾತ್ರೆ ಬಿಟ್ಟು ರೆಸ್ಟ್ ತಗೊಳ್ಳಿ ಅಂತ ಹೆಂಡತಿ. ಇನ್ನೂ ಎರಡೂವರೆ ತಿಂಗಳಿದೆ. ಬರಿಗಾಲಲ್ಲಿ ಬರುತ್ತೇನೆ ಅಂತ ಹರಕೆ ಬೇರೆ ಹೊತ್ತಿದ್ದೇನೆ. ಶುಗರ್ ಇಲ್ಲ. ಏನು ಮಾಡಲಿ?

ಉತ್ತರ: ಹೆಂಡತಿಯ ಮಾತನ್ನು ಅರ್ಧ ಕೇಳಿ. ಗೆಳೆಯರ ಮಾತು ಬೇಡವೇ ಬೇಡ.

ನೀವು ಬರೆದದ್ದನ್ನು ನೋಡಿದರೆ ಇದು ಪ್ಲಾಂಟರ್ ಫೇಸೈಟಿಸ್ ಅನ್ನಿಸುತ್ತದೆ. ಅಂಗಾಲಿನಲ್ಲಿ ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇದೆ. ಅಭ್ಯಾಸವಿಲ್ಲದ ಭಾರ ಒಮ್ಮೆಲೇ ಬಿದ್ದರೆ ಅದು ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ಕೆರಳುತ್ತದೆ. ಎಕ್ಸ್‌ರೇಯಲ್ಲಿ ಕಂಡ ಮೂಳೆಗೆ ತಲೆ ಕೆಡಿಸಿಕೊಳ್ಳಬೇಡಿ. ಯಾವ ನೋವೂ ಇಲ್ಲದೆ ಓಡಾಡುವ ಎಷ್ಟೋ ಜನರ ಹಿಮ್ಮಡಿಯಲ್ಲೂ ಆ ಮೂಳೆ ಇರುತ್ತದೆ.

ಒಂದು ವಿಷಯ ನೀವು ಬರೆದಿಲ್ಲ, ನಾನೇ ಊಹಿಸುತ್ತೇನೆ. ಸೀರೆ ಅಂಗಡಿ ಅಂದರೆ ಚಪ್ಪಲಿ ಹೊರಗೆ, ನೀವು ಒಳಗೆ, ಬರಿಗಾಲಲ್ಲಿ ಗ್ರಾನೈಟ್ ನೆಲದ ಮೇಲೆ ರಾತ್ರಿ ಅಂಗಡಿ ಮುಚ್ಚುವವರೆಗೆ. ಅಲ್ವಾ? ಹಾಗಾದರೆ ತಪ್ಪನ್ನೆಲ್ಲ ಆ ಭಾನುವಾರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಾಲೀಕರನ್ನು ಕೇಳಿ, ಒಳಗೆ ಹಾಕಿಕೊಳ್ಳಲು ಒಂದು ಮೆತ್ತನೆ ಚಪ್ಪಲಿಗೆ ಒಪ್ಪಿಸಿ. ಆಗದಿದ್ದರೆ ನಿಲ್ಲುವ ಕಡೆ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿ, ಗಿರಾಕಿ ಇಲ್ಲದಾಗ ಸ್ಟೂಲ್ ಎಳೆದುಕೊಳ್ಳಿ. ಮನೆಯಲ್ಲೂ ಹಾಸಿಗೆ ಪಕ್ಕ ಚಪ್ಪಲಿ ಇರಲಿ. ಇದಕ್ಕೆ ಖರ್ಚು ಕಮ್ಮಿ. ಬಂದವರಿಗೆಲ್ಲ ಹೇಳುತ್ತೇನೆ, ಮಾಡುವವರೂ ಕಮ್ಮಿ.

ಈಗ ಮುಖ್ಯವಾದದ್ದು. ಪೂರ್ತಿ ರೆಸ್ಟ್ ಮಾಡಿದರೆ ನೋವು ತಗ್ಗುತ್ತದೆ, ಆದರೆ ಕಾಲಿನ ತಾಕತ್ತೂ ತಗ್ಗುತ್ತದೆ. ಅದೇ ಕಾಲಲ್ಲಿ ಶಿವರಾತ್ರಿಗೆ ಸುಮಾರು 300 ಕಿ.ಮೀ. ಹೊರಟರೆ ಕುಣಿಗಲ್ ದಾಟುವಷ್ಟರಲ್ಲಿ ನೋವು ವಾಪಸ್ ಬರಬಹುದು. ಆ ಪಟ್ಟಿಗೆ ಬೇಕಾಗಿರುವುದು ಲೆಕ್ಕ ಹಾಕಿ ಕೊಟ್ಟ ಭಾರ.

ಮೆಟ್ಟಿಲಿನ ಅಂಚಿನಲ್ಲಿ ನಿಲ್ಲಿ. ಒಂದು ಟವೆಲ್ ಸುತ್ತಿ ಕಾಲ್ಬೆರಳುಗಳ ಕೆಳಗೆ ಇಡಿ, ಬೆರಳು ಮೇಲಕ್ಕೆ ಬಾಗಿರಬೇಕು. ಹಿಮ್ಮಡಿ ಮೆಟ್ಟಿಲಿನ ಆಚೆ ಇರಲಿ. ಗೋಡೆ ಹಿಡಿದುಕೊಂಡು ನೋವಿರುವ ಒಂದೇ ಕಾಲಲ್ಲಿ ಮೇಲೇಳಿ. ಏಳಲು 3 ಸೆಕೆಂಡ್, ಮೇಲೆ ನಿಲ್ಲಲು 2, ಇಳಿಯಲು 3. ಹೀಗೆ 12 ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ, ಒಟ್ಟು ಮೂರು ಸುತ್ತು. ದಿನ ಬಿಟ್ಟು ದಿನ. ಒಂದು ಕಾಲಲ್ಲಿ ಆಗದಿದ್ದರೆ ಮೊದಲು ಎರಡರಲ್ಲಿ ಮಾಡಿ. ಸಲೀಸಾಯಿತು ಅನ್ನಿಸಿದಾಗ ಬೆನ್ನಿಗೆ ಬ್ಯಾಗ್ ಹಾಕಿ ಅದರಲ್ಲಿ ಅಕ್ಕಿ ಪ್ಯಾಕೆಟ್ ಇಡಿ, ಸಲ ಕಡಿಮೆ ಮಾಡಿ ಸುತ್ತು ಹೆಚ್ಚಿಸಿ. 2015ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಒಂದು ಅಧ್ಯಯನದಲ್ಲಿ 48 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಮೂರು ತಿಂಗಳ ಹೊತ್ತಿಗೆ, ಅಂಗಾಲು ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಹೀಗೆ ಭಾರ ಹಾಕಿದವರು ಚೆನ್ನಾಗಿದ್ದರು. ವರ್ಷದ ಕೊನೆಗೆ ಎರಡೂ ಗುಂಪಿಗೆ ದೊಡ್ಡ ವ್ಯತ್ಯಾಸ ಇರಲಿಲ್ಲ. ಆದರೆ ನಿಮಗೆ ವರ್ಷ ಎಲ್ಲಿದೆ?

ನಡಿಗೆ ನಿಲ್ಲಿಸಬೇಡಿ, ಕತ್ತರಿಸಿ. ಈ ವಾರ ದಿನಕ್ಕೆ 4 ಕಿ.ಮೀ. ಸಾಕು, ಒಳ್ಳೆ ಶೂ ಹಾಕಿಕೊಂಡು. ನಡೆಯುವಾಗ ಹತ್ತಕ್ಕೆ ಮೂರರಷ್ಟು ನೋವು ಇದ್ದರೆ ಭಯ ಬೇಡ. ತೀರ್ಪು ಕೊಡುವುದು ಮಾರನೇ ದಿನ ಬೆಳಗಿನ ಮೊದಲ ಹೆಜ್ಜೆ. ಅದು ನಿನ್ನೆಯಷ್ಟೇ ನೋಯುತ್ತಿದ್ದರೆ ಅಷ್ಟೇ ದೂರ ಮುಂದುವರಿಸಿ. ಕಮ್ಮಿಯಾಗುತ್ತಾ ಬಂದರೆ ಒಂದೊಂದೇ ಕಿ.ಮೀ. ಏರಿಸಿ. ಜಾಸ್ತಿಯಾದರೆ ಇಳಿಸಿ. ದಮ್ಮಿಗೆ ಸೈಕಲ್ ಇದೆ, ಅದು ಹಿಮ್ಮಡಿಗೆ ಅಷ್ಟು ತ್ರಾಸ ಕೊಡುವುದಿಲ್ಲ. ತಂಡದವರು ಮತ್ತೆ ಭಾನುವಾರ 20 ಅಂದರೆ ಹೋಗಬೇಡಿ. ಪಾದಯಾತ್ರೆ ಕೇಳುವುದು ಒಂದು ದಿನದ ಸಾಹಸವನ್ನಲ್ಲ, ಇವತ್ತು ನಡೆದವನು ನಾಳೆಯೂ ಏಳಬೇಕು. ಅದಕ್ಕೆ ಶನಿವಾರ 8, ಭಾನುವಾರ 8, ಹೀಗೆ ಜೋಡಿ ದಿನಗಳನ್ನು ಬೆಳೆಸಿ.

ಇಂಜೆಕ್ಷನ್ ವಿಷಯ. ಸ್ಟೆರಾಯ್ಡ್ ಹಾಕಿದರೆ ಕೆಲವು ವಾರ ಆರಾಮ ಸಿಗುತ್ತದೆ, ಸುಳ್ಳಲ್ಲ. ಆದರೆ ಆ ಪಟ್ಟಿ ಹರಿಯುವ ಅಪಾಯ ಇದೆ, ಹಾಕಿಸಿಕೊಂಡ ಕೂಡಲೇ ದಿನಕ್ಕೆ 40 ಕಿ.ಮೀ. ನಡೆಯುವುದು ಶುದ್ಧ ಹುಚ್ಚು. ನೋವಿನ ಮಾತ್ರೆ ನುಂಗಿ ನಡೆಯುವುದೂ ಬೇಡ. ಬಿಸಿಲಲ್ಲಿ ನೀರು ಸಾಲದೆ ಇದ್ದಾಗ ಅಂಥ ಮಾತ್ರೆ ಕಿಡ್ನಿಗೆ ಒಳ್ಳೆಯದಲ್ಲ. ನಾನಿರುವುದು ಹಾಸನದಲ್ಲಿ. ಶಿವರಾತ್ರಿ ಹತ್ತಿರವಾದರೆ ರಸ್ತೆ ಪಕ್ಕ ಮಜ್ಜಿಗೆ, ಹಣ್ಣು ಹಿಡಿದು ನಿಂತ ಜನರ ಜೊತೆ ನಾನೂ ಪ್ಲಾಸ್ಟರ್, ಬ್ಯಾಂಡೇಜ್ ಹಿಡಿದು ಕೂರುತ್ತೇನೆ. ಮಾತ್ರೆ ಚೀಟಿಯನ್ನು ಜೇಬಲ್ಲಿಟ್ಟುಕೊಂಡು ಬರುವವರ ಕಾಲೇ ಯಾವಾಗಲೂ ಹೆಚ್ಚು ಕೆಟ್ಟಿರುತ್ತದೆ.

ಹೊರಡುವುದಕ್ಕೆ ಮೂರು ವಾರ ಇದ್ದಾಗ ಪರೀಕ್ಷೆ ಮಾಡಿಕೊಳ್ಳಿ. ಎರಡು ದಿನ ಸಾಲಾಗಿ 20-20. ಮೂರನೇ ಬೆಳಿಗ್ಗೆ ಮೊದಲ ಹೆಜ್ಜೆ ಸರಿಯಿದ್ದರೆ ಹೊರಡಿ. ಇಲ್ಲದಿದ್ದರೆ ತಂಡ ಮುಂದೆ ಹೋಗಲಿ, ನೀವು ಬಸ್ಸಲ್ಲಿ ಬಂದು ಕೊಟ್ಟಿಗೆಹಾರದಲ್ಲಿ ಸೇರಿಕೊಳ್ಳಿ. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ ದಾಟಿ ಧರ್ಮಸ್ಥಳಕ್ಕೆ ಸುಮಾರು 50 ಕಿ.ಮೀ. ಅದನ್ನೂ ಎರಡು ದಿನ ಮಾಡಿ. ಇಳಿಜಾರಲ್ಲಿ ಮಂಡಿ ಹಿಡಿಯುತ್ತದೆ, ಒಂದು ಕೋಲು ಇರಲಿ.

ಹರಕೆ ನಿಮಗೂ ಮಂಜುನಾಥನಿಗೂ ಬಿಟ್ಟದ್ದು, ನಡುವೆ ನಾನು ಬರುವುದಿಲ್ಲ. ಆದರೆ ಡಾಂಬರು ರಸ್ತೆಯ ಮೇಲೆ ಪೂರ್ತಿ ದಾರಿ ಬರಿಗಾಲು ಈ ಹಿಮ್ಮಡಿಗೆ ಆಗದು. ನೇತ್ರಾವತಿ ಸ್ನಾನಘಟ್ಟದಿಂದ ದೇವಸ್ಥಾನದವರೆಗೆ ಚಪ್ಪಲಿ ಬಿಟ್ಟು ನಡೆದರೆ ಆಗಬಹುದಾ ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ.

ಹಿಮ್ಮಡಿ ಊದಿದರೆ, ಜುಮ್ ಅಂದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ನನ್ನ ಉತ್ತರ ಪಕ್ಕಕ್ಕಿಟ್ಟು ಮೂಳೆ ಡಾಕ್ಟರ ಹತ್ತಿರ ಹೋಗಿ. ಯಾಕೆ ಅನ್ನುವುದು ಮುಂದಿನ ಪತ್ರದಲ್ಲಿದೆ.

ಪ್ರಶ್ನೆ: ನಾನು 24 ವರ್ಷದ ಹುಡುಗಿ, ಮೈಸೂರು. ಮೊದಲ ಹಾಫ್ ಮ್ಯಾರಥಾನ್‌ಗೆ ತಯಾರಾಗುತ್ತಿದ್ದೇನೆ. ಮಂಡಿಯ ಕೆಳಗೆ ಕಾಲಿನ ಒಳಬದಿಯ ಮೂಳೆ ನೋಯುತ್ತದೆ. ಮೊದಲು ಓಡುವಾಗ ಮಾತ್ರ ಇತ್ತು, ಈಗ ರಾತ್ರಿಯೂ ಇದೆ. ಒಂದು ಕಡೆ ಬೆರಳಲ್ಲಿ ಒತ್ತಿದರೆ ಜೀವ ಹೋಗುತ್ತದೆ. ಓಟಕ್ಕೆ ಐದು ವಾರ ಇದೆ. ದೂರ ಕಡಿಮೆ ಮಾಡಿ ಓಡಲಾ?

ಉತ್ತರ: ಬೇಡ. ಇವತ್ತೇ ನಿಲ್ಲಿಸಿ.

ಮೇಲಿನವರಿಗೆ ನಡೆಯಿರಿ ಅಂದವಳು ನಿಮಗೆ ಬೇಡ ಅನ್ನುತ್ತಿದ್ದೇನೆ. ಒಂದೇ ಬೆರಳಿನಷ್ಟು ಜಾಗದ ನೋವು ಮತ್ತು ರಾತ್ರಿಯ ನೋವು ಎರಡೂ ಸೇರಿದರೆ ಮೂಳೆಯಲ್ಲಿ ಸಣ್ಣ ಬಿರುಕು ಶುರುವಾಗಿರಬಹುದು. ಅದರ ಮೇಲೆ ಓಡಿದರೆ ಬಿರುಕು ಪೂರ್ತಿ ಮುರಿತ ಆಗಬಹುದು. ಮೊದಲ ವಾರಗಳಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಅದನ್ನು ನಂಬಿ ಓಡಲು ಹೋಗಬೇಡಿ. ಎಂಆರ್‌ಐ ಬೇಕಾ ಅಂತ ಡಾಕ್ಟರನ್ನು ನೀವೇ ಕೇಳಿ. ಮುಟ್ಟು ತಪ್ಪುತ್ತಿದೆಯಾ, ತೂಕ ಇಳಿಸಲು ಊಟ ಕಡಿಮೆ ಮಾಡಿದ್ದೀರಾ, ಇದನ್ನೂ ನಾಚಿಕೆ ಪಡದೆ ಅವರಿಗೆ ಹೇಳಿ. ಊಟ ಸಾಲದೆ ಮುಟ್ಟು ನಿಂತ ಹುಡುಗಿಯರ ಮೂಳೆ ಬೇಗ ಸೋಲುತ್ತದೆ, ಎಷ್ಟೋ ಸಲ ಕೇಳುವವರೇ ಇರುವುದಿಲ್ಲ. ಈ ಓಟ ಕೈಬಿಡಿ. ಅದು ಬಿರುಕೇ ಆಗಿದ್ದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಓಟ ಇಲ್ಲ. ನೋವಾಗದೆ ನಡೆಯಲು ಬಂದ ಮೇಲೆ ಮತ್ತೆ ಬರೆಯಿರಿ, ಓಟ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.