ಮಡಿಯಲ್ಲಿರುವ ಅತ್ತೆಗೇ ಒರಗುವ ನಾಯಿ

ಈ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಸಲಹೆ ಕೇಳಲು ಬಂದವರು ಅತ್ತೆ, ಸೊಸೆ. ಜಗಳ ನಾಯಿಯದ್ದು. ಬೀದಿಯಿಂದ ಮರಿಯಾಗಿ ತಂದು ಸಾಕಿದ್ದು, ಈಗ ಆರು ವರ್ಷ. ಹೆಸರು ರಾಜ ಅಂತಿಟ್ಟುಕೊಳ್ಳೋಣ. ಊಟ ಹಾಕುವುದು, ವಾಕಿಂಗ್ ಕರೆದೊಯ್ಯುವುದು, ಇಂಜೆಕ್ಷನ್ ಹಾಕಿಸುವುದು ಎಲ್ಲ ಸೊಸೆ. ಆದರೆ ರಾಜ ಹೋಗಿ ಒರಗುವುದು ಅತ್ತೆಗೆ. ಅವರಿಗೋ ಮಡಿ. ಸ್ನಾನ ಮುಗಿಸಿ ದೇವರ ಮುಂದೆ ಮಣೆ ಹಾಕಿಕೊಂಡು ಕೂತರೆ ಸಾಕು, ನಾಯಿ ಹಾಜರು. ಮತ್ತೆ ಸ್ನಾನ, ಮತ್ತೆ ಗೊಣಗಾಟ.

“ಬೇಕಂತಲೇ ಮಾಡತ್ತೆ ಮೇಡಂ, ನನ್ನ ಕಂಡರೆ ಅದಕ್ಕೆ ಹಟ” ಅಂದರು ಅತ್ತೆ. ಸೊಸೆಯ ಸಂಕಟ ಬೇರೆ. “ಇಷ್ಟೆಲ್ಲ ಮಾಡೋದು ನಾನು. ನಾನು ತಬ್ಬಿಕೊಂಡರೆ ಮುಖ ತಿರುಗಿಸುತ್ತೆ.” ಮಗ ಏನಂತಾರೆ ಅಂತ ಕೇಳಿದೆ. “ಅವನು ನಗ್ತಾನೆ” ಅಂತ ಇಬ್ಬರೂ ಒಟ್ಟಿಗೇ ಹೇಳಿದರು. ಆ ಒಂದು ವಿಷಯದಲ್ಲಿ ಒಮ್ಮತವಿತ್ತು.

ಸೊಸೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. ರಾಜ ಬರುತ್ತಾನೆ, ಹಿಂದಕ್ಕೆ ತಿರುಗುತ್ತಾನೆ, ಅತ್ತೆಯ ತೊಡೆಗೆ ಬೆನ್ನು ಆನಿಸಿ ಕೂರುತ್ತಾನೆ. ಅತ್ತೆ “ಹೋಗೋ ಆಚೆ” ಅಂತ ಮೊಣಕೈಯಲ್ಲಿ ತಳ್ಳುತ್ತಾರೆ. ಅವನು ಬಾಲ ಅಲ್ಲಾಡಿಸಿ ಇನ್ನೂ ಭಾರ ಬಿಡುತ್ತಾನೆ. ನಮಗೆ ಅದು ತಳ್ಳಾಟ. ಅವನಿಗೆ ಮುಟ್ಟಿದ್ದು, ಮಾತಾಡಿಸಿದ್ದು. ಇನ್ನೊಂದು ವಿಡಿಯೋದಲ್ಲಿ ಸೊಸೆ ಕುತ್ತಿಗೆ ಸುತ್ತ ಕೈಹಾಕಿ ಅಪ್ಪಿಕೊಂಡಿದ್ದಾರೆ. ರಾಜನ ಕಿವಿ ಹಿಂದಕ್ಕೆ ಹೋಗಿದೆ, ತುಟಿ ನೆಕ್ಕಿಕೊಳ್ಳುತ್ತಾನೆ, ಕಣ್ಣಿನ ಬಿಳಿ ಕಾಣುತ್ತಿದೆ. ಇದು ಕಿರಿಕಿರಿಯ ಗುರುತು. ತಾನಾಗಿ ಬಂದು ಒರಗಿದರೆ ಬೇಕಾದಾಗ ಎದ್ದು ಹೋಗಬಹುದು. ಅಪ್ಪುಗೆಯಲ್ಲಿ ಸಿಕ್ಕಿಕೊಂಡರೆ ಆಗುತ್ತಾ?

ಯಾವಾಗಿನಿಂದ ಇದು ಜಾಸ್ತಿಯಾಯಿತು ಅಂದೆ. ದೀಪಾವಳಿಯಿಂದ. ಅತ್ತೆಯ ಕೋಣೆ ಮನೆಯ ನಡುವೆ ಇದೆ, ಬೀದಿಗೆ ಕಿಟಕಿ ಇಲ್ಲ. ಪಟಾಕಿ ಶುರುವಾದ ರಾತ್ರಿ ನಾಯಿ ಗಡಗಡ ನಡುಗುತ್ತಾ ಅವರ ಮಂಚದ ಕೆಳಗೆ ನುಗ್ಗಿತ್ತು. “ಓಡಿಸೋಕೆ ಮನಸ್ಸು ಬರಲಿಲ್ಲ, ಪಾಪ” ಅಂದರು ಅತ್ತೆ, ಸೊಸೆಯ ಕಡೆ ನೋಡದೆ.

ಅಲ್ಲಿಗೆ ಅರ್ಧ ಗಂಟು ಬಿಚ್ಚಿತು. ಮರಿಗಳಿಗೆ ಹುಟ್ಟಿದ ಮೊದಲ ವಾರಗಳಲ್ಲಿ ಮೈ ಬಿಸಿ ತಾವೇ ಕಾಪಾಡಿಕೊಳ್ಳಲು ಬರುವುದಿಲ್ಲ. ಅಮ್ಮನಿಗೆ, ಒಡಹುಟ್ಟಿದವರಿಗೆ ಅಂಟಿಕೊಂಡೇ ಬದುಕುತ್ತವೆ. ಮೈ ತಾಗಿದರೆ ಕ್ಷೇಮ ಅನ್ನುವುದು ಅಲ್ಲಿಂದಲೇ ಶುರು. ದೊಡ್ಡವಾದ ಮೇಲೆ ಆ ಜಾಗಕ್ಕೆ ನಾವು ಬರುತ್ತೇವೆ. ಮಕ್ಕಳ ಬಾಂಧವ್ಯ ಅಳೆಯುವ ಪರೀಕ್ಷೆಯನ್ನೇ 1998ರಲ್ಲಿ ಹಂಗೇರಿಯ ಸಂಶೋಧಕರು ನಾಯಿಗಳ ಮೇಲೆ ಮಾಡಿದರು. ಸಾಕಿದವರು ಕೋಣೆಯಲ್ಲಿದ್ದರೆ ನಾಯಿ ಧೈರ್ಯವಾಗಿ ಓಡಾಡುತ್ತದೆ, ಹೊರಗೆ ಹೋದರೆ ಬಾಗಿಲ ಹತ್ತಿರ ಕಾಯುತ್ತದೆ. ಇದರಲ್ಲಿ ಹಟವೂ ಇಲ್ಲ, ಯಜಮಾನಿಕೆ ತೋರಿಸುವುದೂ ಇಲ್ಲ. ಅತ್ತೆ ದಿನವಿಡೀ ಮನೆಯಲ್ಲಿರುತ್ತಾರೆ, ಒಂದೇ ಜಾಗದಲ್ಲಿ ನೆಲಕ್ಕೆ ಕೂರುತ್ತಾರೆ, ಎಳೆದಾಡುವುದಿಲ್ಲ. ಹೆದರಿದ ನಾಯಿಗೆ ಇನ್ನೇನು ಬೇಕು?

ಮೊದಲು ಪಶುವೈದ್ಯರಿಗೆ ತೋರಿಸಿ ಅಂದೆ. ಇದ್ದಕ್ಕಿದ್ದಂತೆ ಅಂಟಿಕೊಳ್ಳುವುದು ಹೆಚ್ಚಾದರೆ ನೋವು, ಉಣ್ಣಿ ಕಚ್ಚಿ ಬರುವ ಜ್ವರ, ಮಂದವಾಗುವ ಕಣ್ಣು ಕಿವಿ, ಏನಾದರೂ ಇರಬಹುದು. ರಾಜನಿಗೆ ಏನೂ ಇರಲಿಲ್ಲ.

ಆಮೇಲೆ ಅತ್ತೆಗೆ ಹೇಳಿದ್ದು: ಪೂಜೆ ಹೊತ್ತಿಗೆ ಬಂದರೆ ತಳ್ಳಬೇಡಿ, ಬೈಯಬೇಡಿ, ಎದ್ದು ನಿಂತುಬಿಡಿ. ನಿಮ್ಮಿಂದ ನಾಲ್ಕೈದು ಅಡಿ ದೂರದಲ್ಲಿ ನಿಮ್ಮದೇ ಹಳೇ ಸೀರೆ ಮಡಿಸಿ ಹಾಸಿ. ಅದರ ಮೇಲೆ ಮಲಗಿದಾಗ ಸೊಸೆ ತಿಂಡಿ ಹಾಕಲಿ, ನೀವು ಅವನನ್ನು ನೋಡಿ ಹೆಸರು ಹೇಳಿ. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ಕಂಡುಕೊಂಡಿದ್ದಾರೆ: ನಾಯಿ ಮತ್ತು ಸಾಕಿದವರು ಒಬ್ಬರನ್ನೊಬ್ಬರು ತುಂಬ ಹೊತ್ತು ನೋಡಿದರೆ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ. ತಾಯಿ ಮಗುವಿನ ನಂಟಿಗೂ ಕೆಲಸ ಮಾಡುವ ಹಾರ್ಮೋನ್ ಇದು. ಮನುಷ್ಯರು ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ನೋಟಕ್ಕೆ ಮಡಿ ಇಲ್ಲವಲ್ಲ ಅಂದಾಗ ಅವರು ನಕ್ಕರು. (ಗುರುತಿಲ್ಲದ ನಾಯಿಯನ್ನು ಮಾತ್ರ ದಿಟ್ಟಿಸಬೇಡಿ, ಕೆಣಕಿದಂತಾಗುತ್ತದೆ.)

ಮಗನಿಗೂ ಕೆಲಸ ಕೊಟ್ಟೆ. ಪೂಜೆಗೆ ಮುಂಚೆ ನಾಯಿಯ ವಾಕಿಂಗ್, ಅವರದ್ದೇ ಪಾಳಿ. ನಗುವುದಕ್ಕೆ ಪುರುಸೊತ್ತು ಸಿಗಬಾರದು.

ಸೊಸೆಗೆ ಹೆಚ್ಚು ಹೊತ್ತು ಬೇಕಾಯಿತು. ನಾಯಿ ಯಾರು ಎಷ್ಟು ಮಾಡಿದರು ಅಂತ ಲೆಕ್ಕ ಇಡುವುದಿಲ್ಲ, ನೀವು ಬರುವಾಗ ಬಾಗಿಲಿಗೆ ಯಾರು ಓಡಿ ಬರುತ್ತಾರೆ ಅಂತ ಕೇಳಿದೆ. ರಾಜನೇ. ತಬ್ಬುವುದು ಬಿಡಿ, ಪಕ್ಕದಲ್ಲಿ ಕೂತು ಎದೆ ಮೇಲೆ ಸ್ವಲ್ಪ ತುರಿಸಿ, ಕೈ ತೆಗೆಯಿರಿ. ಮತ್ತೆ ಬೇಕು ಅಂದರೆ ಅವನೇ ಮೂತಿ ತೂರಿಸುತ್ತಾನೆ. ಬರದಿದ್ದರೆ ಸುಮ್ನೆ ಬಿಟ್ಟುಬಿಡಿ.

ಹೆದರಿದ ನಾಯಿಯನ್ನು ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತೆ ಅಂತ ಯಾರೋ ಹೇಳಿದ್ದರಂತೆ. ಅದು ಸುಳ್ಳು. ಶಾಂತವಾಗಿ ಹತ್ತಿರ ಇರಲು ಬಿಡಿ ಅಂದೆ.

ಕೆಲವು ವಾರಗಳ ನಂತರ ಸೊಸೆ ಫೋನ್ ಮಾಡಿದರು. ಬೆಳಿಗ್ಗೆ ಸೀರೆಯ ಮೇಲೆ ಇರುತ್ತಾನೆ, ಮಧ್ಯಾಹ್ನ ಊಟದ ಮೇಲೆ ಅತ್ತೆಯ ಕಾಲಿಗೆ ಒರಗಲು ಅನುಮತಿ ಇದೆಯಂತೆ. ಮುಂದಿನ ದೀಪಾವಳಿಗೆ ಕೆಲವು ವಾರ ಮುಂಚೆಯೇ ವೈದ್ಯರನ್ನು ಕಂಡು ಪಟಾಕಿ ಭಯಕ್ಕೆ ಔಷಧಿ ಬೇಕಾ ಅಂತ ಕೇಳಿಕೊಳ್ಳಲು ತಿಳಿಸಿದ್ದೇನೆ.