ಟೀವಿಯಲ್ಲಿ ನಾಲ್ಕು ಸೆಕೆಂಡು ಕಂಡ ಮಗ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ತಾಯಿ, ಮಗ ಇಬ್ಬರೂ ಬರೆಯಲು ಒಪ್ಪಿದ್ದಾರೆ.)

ಜನವರಿಯ ಒಂದು ಸಂಜೆ. ಊರಿನಲ್ಲಿ ಅಮ್ಮ ಟೀವಿ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಬೆಂಗಳೂರಿನ ಯಾವುದೋ ಮನೆ ಮೇಲೆ ಪೊಲೀಸ್ ದಾಳಿ ಅಂತ ಸುದ್ದಿ ಬರುತ್ತಿತ್ತು. ಕೆಳಗೆ ಕೆಂಪು ಪಟ್ಟಿಯಲ್ಲಿ ‘ಸಲಿಂಗಕಾಮಿಗಳ ಅಡ್ಡೆ’. ಮೇಲೆ, ಕಾಮನಬಿಲ್ಲಿನ ಬಾವುಟ ಹಿಡಿದು ನಗುತ್ತಿದ್ದ ಅವರ 26 ವರ್ಷದ ಮಗ. ನಾಲ್ಕೇ ಸೆಕೆಂಡು. ಅದನ್ನೇ ಮತ್ತೆ ಮತ್ತೆ ತೋರಿಸಿದರು.

ಆ ದೃಶ್ಯಕ್ಕೂ ದಾಳಿಗೂ ಸಂಬಂಧವೇ ಇಲ್ಲ. ಅದು ನವೆಂಬರಿನ ‘ನಮ್ಮ ಪ್ರೈಡ್’ ಅನ್ನುವ, ಲೈಂಗಿಕ ಅಲ್ಪಸಂಖ್ಯಾತರ ಹೆಮ್ಮೆಯ ಮೆರವಣಿಗೆಯದ್ದು. 2008ರಲ್ಲಿ ಶುರುವಾಗಿ, ಬೆಂಗಳೂರಿನ ಬೀದಿಯಲ್ಲಿ ಹಾಡಹಗಲೇ ನಡೆದುಬಂದಿರುವ ಮೆರವಣಿಗೆ. ಸುದ್ದಿಗೆ ಚಿತ್ರ ಸಿಗಲಿಲ್ಲ, ಹಳೆಯದನ್ನು ಜೋಡಿಸಿದರು. ‘ಸಂಗ್ರಹ ಚಿತ್ರ’ ಅಂತ ಒಂದು ಮಾತು ಕೂಡ ಹಾಕಲಿಲ್ಲ.

ಮೂರನೇ ದಿನ ಹುಡುಗ ಸಲಹೆ ಕೇಳಲು ನನ್ನ ಹತ್ತಿರ ಬಂದ. ನಿದ್ದೆ ಇರಲಿಲ್ಲ, ಅಮ್ಮನ ಫೋನ್ ಎತ್ತಿರಲಿಲ್ಲ. “ಮೇಡಂ, ಕೇಸ್ ಹಾಕ್ತೀನಿ” ಅಂದ. ಸ್ವಲ್ಪ ಹೊತ್ತಿಗೆ, “ನಾನು ಹೋಗಲೇಬಾರದಿತ್ತು” ಅಂದ. ನನಗೆ ಭಯವಾಗಿದ್ದು ಈ ಎರಡನೇ ಮಾತಿಗೆ. ಸಾಯುವ ಯೋಚನೆ ಬಂತಾ ಅಂತ ನೇರವಾಗಿ ಕೇಳಿದೆ. ಮೊದಲ ರಾತ್ರಿ ಬಂದಿತ್ತು ಅಂದ. ಹಾಗಾಗಿ ಅವತ್ತು ದೂರಿನ ಮಾತೇ ಎತ್ತಲಿಲ್ಲ. ಒಂದು ವಾರ ಗೆಳೆಯನ ಮನೆಯಲ್ಲೇ ಮಲಗಬೇಕು ಅಂತ ಒಪ್ಪಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವನ ಮೊಬೈಲಿನಲ್ಲಿ ನಾನೇ ಸೇವ್ ಮಾಡಿಕೊಟ್ಟೆ.

ಮರುದಿನ ಕೇಳಿದ: “ಅದು ನಾನಲ್ಲ, ಬೇರೆ ಯಾರೋ ಅಂದುಬಿಡ್ಲಾ?”

ಬೇಡ ಅಂದೆ. ಆದರೆ ಅದಕ್ಕೆ ಮೊದಲು ಮನೆಯಲ್ಲಿ ಯಾರಿದ್ದಾರೆ, ಕೈ ಮಾಡುವವರಿದ್ದಾರಾ, ಸಂಬಳ ಅವನ ಕೈಲೇ ಇದೆಯಾ ಅಂತೆಲ್ಲ ವಿಚಾರಿಸಿದ್ದೆ. ಊಟ, ಫೀಸಿಗೆ ಮನೆಯನ್ನೇ ನಂಬಿದ ಮಗುವಿಗೆ ನಾನು ಈ ಸಲಹೆ ಕೊಡುವುದಿಲ್ಲ. ಅವನಿಗೆ ಹೇಳಿದ್ದು ಇಷ್ಟು: “ನೀನು ಗಂಡಸರನ್ನು ಪ್ರೀತಿಸ್ತೀಯ, ಅದು ನಿಜ. ಆ ಮನೆಗೂ ನಿನಗೂ ಸಂಬಂಧ ಇದೆ ಅನ್ನೋದು ಸುಳ್ಳು. ಚಾನೆಲ್ ಎರಡನ್ನೂ ಅಂಟಿಸಿದೆ. ಸುಳ್ಳನ್ನು ತೆಗೆಯೋಕೆ ಹೋಗಿ ನಿಜವನ್ನೂ ಕಿತ್ತು ಹಾಕಬೇಡ.”

ಇನ್ನೊಂದು ಮಾತೂ ಹೇಳಿದೆ. ಅಮ್ಮನಿಗೆ ಮಗನ ಬಗ್ಗೆ ಈಗ ಗೊತ್ತಿರುವ ಪದ ಒಂದೇ, ಟೀವಿ ಕೊಟ್ಟಿದ್ದು. ಗಂಡು ಹೆಣ್ಣು ಓಡಿಹೋದರೂ ಸುದ್ದಿಯಲ್ಲಿ ‘ಪ್ರೇಮಿಗಳು’ ಅನ್ನುತ್ತಾರೆ, ಇವರಿಗೆ ಮಾತ್ರ ‘ಕಾಮಿ’ ಯಾಕೆ? ‘ಸಲಿಂಗಪ್ರೇಮಿ’ ಅಂತ ನೀನೇ ಅಮ್ಮನಿಗೆ ಹೇಳು ಅಂದೆ.

ಆರನೇ ದಿನ ಅಮ್ಮನೇ ಬಸ್ ಹತ್ತಿ ಬಂದರು. ಚೀಲದಲ್ಲಿ ಅದೇ ಅವರೆಕಾಳು. ಡಾಕ್ಟರ್ ಹತ್ತಿರ ಸರಿಹೋಗುತ್ತಾ ಅಂತ ಮೊದಲು ಕೇಳಿದ್ದು ನನ್ನನ್ನು. ಇದು ಕಾಯಿಲೆಯೇ ಅಲ್ಲಮ್ಮ, ‘ಗುಣ ಮಾಡ್ತೀನಿ’ ಅಂತ ಹೊರಡುವುದೇ ವೈದ್ಯರಿಗೆ ತಪ್ಪು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ ಅಂದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಇದು ಅಪರಾಧವಲ್ಲ ಅಂದದ್ದನ್ನೂ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಆಮೇಲೆ ಮಗನ ಕಡೆ ತಿರುಗಿದರು. “ಅವರು ತೋರಿಸಿದ ಮನೆಗೆ ಹೋಗಿದ್ಯೇನೋ?”

“ಇಲ್ಲಮ್ಮ.”

“ಮತ್ತೆ ಯಾಕೋ ಹಾಗೆ ತೋರಿಸಿದ್ರು?”

ದೂರು ಶುರುವಾಗಿದ್ದು ಅಲ್ಲಿಂದ. ‘ನನ್ನನ್ನು ತೋರಿಸಿದರು’ ಅಂತ ಬರೆಯಬೇಡ, ಬೀದಿಯ ಮೆರವಣಿಗೆಯನ್ನು ಯಾರು ಬೇಕಾದರೂ ಚಿತ್ರಿಸಬಹುದು. ‘ಸಂಬಂಧವಿಲ್ಲದ ಅಪರಾಧದ ಸುದ್ದಿಗೆ ನನ್ನ ಮುಖ ಬಳಸಿದರು’ ಅಂತ ಬರೆ ಅಂದೆ. 2021ರ ಕೇಬಲ್ ಟೀವಿ ನಿಯಮದಂತೆ ಚಾನೆಲ್ 24 ಗಂಟೆಯೊಳಗೆ ದೂರು ಮುಟ್ಟಿದೆ ಅಂತ ತಿಳಿಸಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದಲ್ಲಿ ಚಾನೆಲ್‌ಗಳ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹಾಕಬಹುದು. ದೂರಿನಿಂದ ಏನೂ ಆಗಲ್ಲ ಅಂತ ಹುಡುಗ ಗೊಣಗಿದ. 2011ರಲ್ಲಿ ಹೈದರಾಬಾದಿನ ಸಲಿಂಗಪ್ರೇಮಿಗಳ ಖಾಸಗಿ ಬದುಕನ್ನು ಬಯಲಿಗೆಳೆದ ತೆಲುಗು ಚಾನೆಲ್ಲಿಗೆ ಅಂಥದ್ದೇ ಸಂಸ್ಥೆ 1 ಲಕ್ಷ ರೂಪಾಯಿ ದಂಡ ಹಾಕಿ, ಕ್ಷಮೆ ಕೇಳಿಸಿದ್ದನ್ನು ನೆನಪಿಸಿದೆ.

ಪ್ರಸಾರವಾದ ಸಮಯ ಬರೆಯಬೇಕಿತ್ತು. ಹುಡುಗ ನೋಡಿದ್ದು ವಾಟ್ಸಾಪಿನ ತುಣುಕು ಮಾತ್ರ, ಅವನಿಗೆ ಗೊತ್ತಿರಲಿಲ್ಲ.

“ಏಳು ಗಂಟೆ ಇಪ್ಪತ್ತು ನಿಮಿಷ” ಅಂದರು ಅಮ್ಮ. “ಏಳೂವರೆ ಸೀರಿಯಲ್‌ಗೆ ಕಾಯ್ತಾ ಇದ್ದೆ. ಬರ್ಕೋ.”