ಅನ್ನ ಮುದ್ದೆಯಾಗಿದ್ದು ಗುಣಾಕಾರದಿಂದ

ಪ್ರಶ್ನೆ: ನಮ್ಮನೇಲಿ 4 ಜನಕ್ಕೆ ಚಿತ್ರಾನ್ನ ಅಂದ್ರೆ 2 ಲೋಟ ಅಕ್ಕಿಗೆ 4 ಲೋಟ ನೀರು, ಯಾವತ್ತೂ ಕೆಟ್ಟಿಲ್ಲ. ಮೊನ್ನೆ ಮಗುವಿನ ನಾಮಕರಣಕ್ಕೆ 20 ಜನ ಬಂದ್ರು ಅಂತ ಎಲ್ಲಾನೂ 5 ಪಟ್ಟು ಮಾಡಿದೆ, 10 ಲೋಟ ಅಕ್ಕಿ 20 ಲೋಟ ನೀರು. ಅನ್ನ ಪೂರ್ತಿ ಮುದ್ದೆ! ತ್ರೈರಾಶಿಕ (ಇಷ್ಟಕ್ಕೆ ಇಷ್ಟಾದ್ರೆ ಅಷ್ಟಕ್ಕೆ ಎಷ್ಟು ಅನ್ನೋ ಲೆಕ್ಕ) ತಪ್ಪಾ ಇಲ್ಲ ನಾನು ತಪ್ಪಾ?
– ಓದುಗರೊಬ್ಬರು, ತುಮಕೂರು

ಉತ್ತರ: ಇಬ್ಬರದೂ ತಪ್ಪಿಲ್ಲ ಬಿಡಿ. ತ್ರೈರಾಶಿಕ ಇವತ್ತಿಂದಲ್ಲ, 9ನೇ ಶತಮಾನದಲ್ಲಿ, ನಮ್ಮ ಅಮೋಘವರ್ಷನ ಕಾಲದಲ್ಲೇ ಗಣಿತಜ್ಞ ಮಹಾವೀರಾಚಾರ್ಯರು ಈ ಲೆಕ್ಕ ಬರೆದಿಟ್ಟಿದಾರೆ. ತೊಂದ್ರೆ ಇರೋದು ನೀರಲ್ಲಿ. ನೀವು ಹಾಕೋ 4 ಲೋಟದಲ್ಲಿ ಅಂದಾಜು 3 ಲೋಟ ಅಕ್ಕಿ ಕುಡಿಯುತ್ತೆ, 1 ಲೋಟ ಆವಿಯಾಗಿ ಹೋಗುತ್ತೆ ಅಂತಿಟ್ಕೊಳ್ಳಿ. ಅಕ್ಕಿ ಕುಡಿಯೋದು 5 ಪಟ್ಟಾಗಿ 15 ಲೋಟ ಆಗುತ್ತೆ, ಸರಿ, ಆದ್ರೆ ದೊಡ್ಡ ಪಾತ್ರೆ ಬಾಯಿ 5 ಪಟ್ಟು ಅಗಲ ಇರಲ್ವಲ್ಲ, ಆವಿ ಹೋಗೋದು 2ರಿಂದ 3 ಲೋಟ ಅಷ್ಟೇ, ಉಳಿದಿದ್ದೆಲ್ಲ ಅನ್ನದಲ್ಲೇ ಕೂತು ಮುದ್ದೆ ಮಾಡ್ತು. ಹೈಸ್ಕೂಲಲ್ಲಿ ವೈ ಈಕ್ವಲ್ಸ್ ಎಂಎಕ್ಸ್ ಪ್ಲಸ್ ಸಿ ಅಂತ ಬೋರ್ಡ್ ಮೇಲೆ ಗೆರೆ ಎಳೀತಿದ್ರಲ್ಲ, ಹೆಚ್ಚುಕಮ್ಮಿ ಅದೇ ಇದು, ಆ ಕೊನೇ 'ಸಿ', ಅಂದ್ರೆ ಅಕ್ಕಿ ಜೊತೆ ಅಷ್ಟೇ ಪಟ್ಟು ಬೆಳೆಯದ ಆವಿಯ ಭಾಗ, ಅದನ್ನೂ ನೀವು ಗುಣಿಸಿಬಿಟ್ರಿ. ಮುಂದಿನ ಸಲ 17 ಲೋಟ ಹಾಕಿ, ಪಕ್ಕದಲ್ಲಿ ಒಂದು ಲೋಟ ಬಿಸಿನೀರು ಇಟ್ಕೊಂಡಿರಿ, ಗಟ್ಟಿ ಅನ್ನಿಸಿದ್ರೆ ಚಿಮುಕಿಸಿ.

ಉಪ್ಪು ಧಾರಾಳವಾಗಿ 5 ಪಟ್ಟು ಹಾಕ್ಬಹುದು. ಹಸಿಮೆಣಸಿನಕಾಯಿ ಮಾತ್ರ ಎಣಿಸಿ ಗುಣಿಸೋಕೆ ಹೋಗ್ಬೇಡಿ, ಒಂದೊಂದರ ಖಾರ ಒಂದೊಂದು ಥರ (ನನಗೂ ಒಂದ್ಸಲ ಆಗಿದೆ, ನೆಂಟರೆಲ್ಲ ಮಜ್ಜಿಗೆ ಮಜ್ಜಿಗೆ ಅಂತಿದ್ರು). ಟೈಮೂ 5 ಪಟ್ಟಾಗಲ್ಲ. ಕುದಿ ಬರೋಕೆ ಲೇಟಾಗುತ್ತೆ, ಆಮೇಲೆ ಬೇಯೋದು ಹೆಚ್ಚುಕಮ್ಮಿ ಅಷ್ಟೇ ಹೊತ್ತು, ಅಕ್ಕಿಕಾಳೇನು ದೊಡ್ಡದಾಗಿಲ್ವಲ್ಲ.

ಪ್ರಶ್ನೆ: ರೆಸಿಪಿ ಇದ್ದಿದ್ದು 8 ಇಂಚಿನ ದುಂಡು ಟಿನ್‌ಗೆ, ನನ್ನ ಹತ್ರ ಇದ್ದಿದ್ದು ಅಷ್ಟೇ ಎತ್ತರದ 6 ಇಂಚಿಂದು. ಮುಕ್ಕಾಲು ಭಾಗ ಹಿಟ್ಟು ಹಾಕಿದೆ, ಕೇಕ್ ಉಕ್ಕಿ ಓವನ್ ತುಂಬಾ ಗಲೀಜು. 8ಕ್ಕೆ 6 ಅಂದ್ರೆ ಮುಕ್ಕಾಲೇ ತಾನೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಂಚಲ್ಲಿ ಮುಕ್ಕಾಲು, ಹಿಟ್ಟು ಹಿಡಿಯೋದು ವಿಸ್ತೀರ್ಣದ ಲೆಕ್ಕದಲ್ಲಿ. ಪೈ ಎರಡೂ ಕಡೆ ಹೊಡೆದುಹೋಗುತ್ತೆ, 6ರ ವರ್ಗ 36, 8ರ ವರ್ಗ 64, ಅಂದ್ರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. 2 ಮೊಟ್ಟೆ ಹೇಳಿದ್ರೆ 1 ಮೊಟ್ಟೆ ಹಾಕಿ, ಉಳಿದಿದ್ದೆಲ್ಲ ಅರ್ಧ ಮಾಡಿ.

ಪ್ರಶ್ನೆ: ಅಜ್ಜಿ ಎಲ್ಲದಕ್ಕೂ ಪಾವು ಅಂತಾರೆ. ಒಂದು ಪಾವು ಅಂದ್ರೆ ಎಷ್ಟು ಗ್ರಾಂ?
– ಓದುಗರೊಬ್ಬರು, ಮೈಸೂರು

ಉತ್ತರ: ಪಾವು ಸೇರಿನ ಕಾಲು ಭಾಗ, ಆದ್ರೆ ಅಡುಗೆಮನೆ ಪಾವು ತೂಕ ಅಲ್ಲ, ಅಳತೆ. ಪಾವು ಅಕ್ಕಿ ತೂಗೋದೇ ಬೇರೆ ಪಾವು ಅವಲಕ್ಕಿ ತೂಗೋದೇ ಬೇರೆ. ಅಜ್ಜಿ ಪಾವಲ್ಲೇ ಒಂದೊಂದೂ ಅಳೆದು ತಕ್ಕಡೀಲಿ ತೂಗಿ, ಡಬ್ಬಿ ಮೇಲೆ ಚೀಟಿ ಅಂಟಿಸಿಬಿಡಿ.